ಗಿಡ್ಡವಾದ ತೋಳು

ಪ್ರೀತಿಯ ತಂಗಿಗೆ,

ಅಪ್ಪ ಬಿಟ್ಟುಹೋದ ಕೋಟನ್ನು ನೀನು ತೊಟ್ಟು ನೋಡಿ, ಮುಖ ತಿರುಗಿಸಿ ಹೊರಟುಹೋದೆ. ಯಾಕೆಂದು ಆಮೇಲೆ ನಿನ್ನ ಅತ್ತಿಗೆ ಬಿಡಿಸಿ ಹೇಳಿದಳು. ಕೋಟು ಕೊಡಲು ಬಂದ ದಿನ ಅಂಗಡಿ ಬಾಗಿಲಲ್ಲಿ ನಿಂತು ನೀನು ಅಂದದ್ದು, "ಅಣ್ಣಾ, ಹರಿದ ಲೈನಿಂಗ್ ಹೊಲಿದ್ರೆ ಸಾಕು. ತೋಳು ಗಿಡ್ಡ ಮಾಡ್ಬೇಡ." ನನಗೆ ಕೇಳಿಸಿದ್ದು, "ತೋಳು ಗಿಡ್ಡ ಮಾಡು, ಬೇಗ." ಬೇಗನೇ ಮಾಡಿದೆ. ಅಷ್ಟು ಚುರುಕಾಗಿ ಯಾವ ಗಿರಾಕಿಗೂ ಹೊಲಿದುಕೊಟ್ಟವನಲ್ಲ ನಾನು.

ಚಳಿಗೆ ಕಿವಿ ಕಟ್ಟಿತ್ತು ಎಂದು ಬರೆಯಲು ಕೂತೆ. ನೆಗಡಿಯಾದಾಗ ಕಟ್ಟುವುದು ನಿಜವೇ. ಆದರೆ ಸೆಖೆಗಾಲದಲ್ಲಿ ಫ್ಯಾನಿನ ಸದ್ದು ಅಂದಿದ್ದೆ, ಮಳೆಗಾಲದಲ್ಲಿ ತಗಡಿನ ಸದ್ದು ಅಂದಿದ್ದೆ. ದೂರಲು ಇನ್ನು ಯಾವ ಕಾಲವೂ ಉಳಿದಿಲ್ಲ. "ಏನಂದೆ?" ಎಂದು ಇನ್ನೊಮ್ಮೆ ಕೇಳಲು ನಾಚಿಕೆಯಾಗಿ ಸುಮ್ಮನೆ ತಲೆಯಾಡಿಸುತ್ತೇನೆ.

ಕತ್ತರಿಸಿದ ತುಂಡುಗಳನ್ನು ಎಸೆದಿಲ್ಲ. ಕೋಟು ತಂದರೆ ಜೋಡಿಸಿಕೊಡುತ್ತೇನೆ. ಹೊಲಿಗೆಯ ಗುರುತು ಮಾತ್ರ ಉಳಿಯುತ್ತದೆ. ಬೈಯುವುದಿದ್ದರೆ ಎದುರಿಗೇ ಕೂತು ಬೈ. ಕೋಟು ಕೊಟ್ಟ ದಿನ ನೀನು ಬಾಯಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿಕೊಂಡಿದ್ದೆ. ಈ ಸಲ ಅದನ್ನು ತೆಗೆದುಬಿಡು. ನಿನ್ನ ತುಟಿ ಕಂಡರೆ ನನಗೆ ಕೇಳಿಸುತ್ತದೆ.

ನಿನ್ನ ಅಣ್ಣ