ಕೈಯೋ ಕಾಲೋ

ಮಾರ್ಚ್ 9, ಭಾನುವಾರ. ಸಾನ್ ಪೆದ್ರೊ.

ಅಪ್ಪನಿಗೆ ಇವತ್ತು ಏನಾಯಿತೋ ತಿಳಿಯುತ್ತಿಲ್ಲ. ಬೇಸ್‌ಬಾಲ್‌ಗೆ ಹುಡುಗರನ್ನು ಆರಿಸಲು ಹೋದಾಗಲೆಲ್ಲ ಅವನು ನೋಡುವುದು ಕಾಲು, ನಾನು ನೋಡುವುದು ಕೈ. ಕಬ್ಬಿನ ಗದ್ದೆ ದಾಟಿ ಮನೆ ಸೇರುವವರೆಗೂ ಜಗಳ. ಇವತ್ತು ವಿಲ್ಕಿನ್ ಎಂಬ ಹುಡುಗ ಬ್ಯಾಟು ಬೀಸಿದ್ದೇ ತಡ, "ಮಣಿಕಟ್ಟು ನೋಡೇ ಯೊಕಾಸ್ತಾ, ಬೆಣ್ಣೆ ಥರ ತಿರುಗುತ್ತೆ!" ಅಂದ.

"ಅದಿರ್ಲಿ ಅಪ್ಪಾ, ಓಡೋವಾಗ ಹಿಮ್ಮಡಿ ನೆಲಕ್ಕೇ ತಾಗ್ತಿಲ್ಲ" ಅಂದುಬಿಟ್ಟೆ.

"ಅದು ನನ್ನ ಮಾತಲ್ವೇನೇ, ಕಳ್ಳಿ?"

"ಮೊದ್ಲು ಕದ್ದಿದ್ಯಾರು?"

ದಾರಿಯುದ್ದಕ್ಕೂ ಹುರಿದ ಬಾಳೆಕಾಯಿ ತಿಂದೆವು, ಜಗಳವೇ ಇಲ್ಲ. ನನ್ನನ್ನು ಒಪ್ಪಿದನೋ, ವಯಸ್ಸಾಗಿ ಸೋತನೋ? ಹೆದರಿಕೆಯಾಗಿ, ಬಾಗಿಲಲ್ಲಿ ಸುಮ್ಮನೆ "ಆ ಹುಡುಗ ಬೇಡ" ಅಂದೆ.

"ಕಣ್ಣಿಲ್ವೇನೇ ನಿಂಗೆ?" ಅಪ್ಪನ ಮುಖ ಅರಳಿತು.

ಪಕ್ಕದ ಕೋಣೆಯಿಂದ ಇನ್ನೂ ಬೈಯುತ್ತಿದ್ದಾನೆ. ಬೈಯುತ್ತಿರುವುದು ಮಾತ್ರ ಮಣಿಕಟ್ಟು, ಮಣಿಕಟ್ಟು ಅಂತಲೇ. ಹಾಗಾದರೆ ಗೆದ್ದವರು ಯಾರು?