ಗಾಳಿಯಂತ್ರ ನಿಲ್ಲಿಸಬೇಡಿ

ಮ್ಯಾನೇಜರ್ ಸಾಹೇಬರಿಗೆ ನಮಸ್ಕಾರ.

ಸದ್ದಿಗೆ ಫ್ಲ್ಯಾಟಿನವರ ನಿದ್ದೆ ಕೆಡುತ್ತದೆಂದು, ಕೊಳಚೆ ಟ್ಯಾಂಕಿನೊಳಕ್ಕೆ ಗಾಳಿ ಊದುವ ಯಂತ್ರವನ್ನು ಮತ್ತೆ ರಾತ್ರಿ ನಿಲ್ಲಿಸುತ್ತಿದ್ದೀರಂತೆ. ನಮ್ಮ ಯಜಮಾನರು ಹೇಳುತ್ತಿದ್ದರು: "ನೀರು ತಿಳಿ ಮಾಡೋ ಬ್ಯಾಕ್ಟೀರಿಯಾಗೂ ಆಮ್ಲಜನಕ ಬೇಕು ಕಣೇ. ಅದು ನಿಂತ್ರೆ ಅವು ಸಾಯ್ತವೆ. ಗಾಳಿ ಬೇಡದ ಜಾತಿಯವು ಹೆಚ್ಕೊಂಡು ವಿಷಗಾಳಿ ಬಿಡ್ತವೆ." ಕೆಸರು ತೆಗೆಯಲು ಇಳಿದ ಅವರನ್ನು ಆ ವಿಷಗಾಳಿಯೇ ಕೊಂದಿತು.

ಈಗ ಅದೇ ಕೆಲಸದಲ್ಲಿರುವ ನನ್ನ ಮೈದುನನಿಗೆ ನಾಳೆ ಇಳಿಯಲು ಹೇಳಿದ್ದೀರಿ. "ಮೂಗು ಮುಚ್ಕೊಂಡು ಹೋಗಿ ಬಂದ್ಬಿಡ್ತೀನಿ ಅತ್ತಿಗೆ, ನೀವೊಬ್ರು!" ಎಂದು ನಗುತ್ತಾನೆ.

ದಯವಿಟ್ಟು ಯಂತ್ರ ನಿಲ್ಲಿಸಬೇಡಿ. ಕೆಸರೆತ್ತಲು ಪಂಪಿನ ಲಾರಿ ತರಿಸಿ. ಜಗಳವಾಡುವ ಶಕ್ತಿ ನನ್ನಲ್ಲಿ ಉಳಿದಿಲ್ಲ, ಅದಕ್ಕೇ ಮುಚ್ಚಳಕ್ಕೆ ಬೀಗ ಹಾಕಿ ಬಂದಿದ್ದೇನೆ. ಕೀಲಿಯನ್ನು ಲಾರಿಯವರ ಕೈಗೆ ಮಾತ್ರ ಕೊಡುತ್ತೇನೆ.

ಇಂತಿ,
ಟ್ಯಾಂಕ್ ನೋಡಿಕೊಳ್ಳುತ್ತಿದ್ದವರ ಹೆಂಡತಿ