ಸುಮಯ್ಯಾಳ ಬಾಗಿಲಿಗೆ ಬಂದ ಮರ

ಅತ್ತಾವರ, ಮಂಗಳೂರು
ಏಪ್ರಿಲ್ ೧೦, ಗುರುವಾರ

ಪ್ರೀತಿಯ ಮೋಳೇ ಸುಮಯ್ಯಾ,

ಅಸ್ಸಲಾಮು ಅಲೈಕುಂ. ನಿನ್ನ ಸೊಂಟನೋವು ಹೇಗಿದೆ? ಮಸ್ಕತ್ತಿನ ಡಾಕ್ಟರು ಕೊಟ್ಟ ಮುಲಾಮು ಹಚ್ಚುತ್ತಿದ್ದೀಯೋ, ಇಲ್ಲ ಡಬ್ಬಿ ನೋಡಿಯೇ ಗುಣವಾಗಲಿ ಎಂದು ಕುಳಿತಿದ್ದೀಯೋ? ಇಲ್ಲಿ ನಿನ್ನ ಉಮ್ಮನ ಸಕ್ಕರೆ ಹತೋಟಿಯಲ್ಲಿದೆ, ನಾಲಿಗೆ ಮಾತ್ರ ಇಲ್ಲ. ಸೆಕೆ ಒಂದು ಬಿಟ್ಟರೆ ನನಗೆ ಏನೂ ಆಗಿಲ್ಲ. ನಿನ್ನ ಗಂಡ ಸಿದ್ದೀಕ್ ರಜೆ ಮುಗಿಸಿ ನಾಳೆ ಬಜಪೆಯಿಂದ ವಿಮಾನ ಹತ್ತುತ್ತಾನೆ. ಅವನ ಚೀಲದಲ್ಲಿ ಕಾಫಿಪುಡಿಯ ಜೊತೆ ಈ ಕಾಗದ ಇಟ್ಟಿದ್ದೇನೆ. ಇದರಲ್ಲಿ ಏನಿದೆ ಎಂದು ಅವನಿಗೂ ಹೇಳಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಹೇಳಲೆಂದೇ ನಿನ್ನೆ ಫೋನ್ ಮಾಡಿದ್ದೆ. ನೀನು "ಬಾಪಾ" ಎಂದದ್ದೇ ತಡ, ಗಿರಾಕಿ ಬಂದರು ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ. ನಮ್ಮ ಅಂಗಡಿಗೆ ಅಷ್ಟು ಅವಸರದ ಗಿರಾಕಿ ಎಲ್ಲಿಂದ ಬಂದರು ಎಂದು ನಿನಗೆ ಅನುಮಾನ ಬಂದಿರಬೇಕು.

ಬಂದರಿನ ನಮ್ಮ ಕಾಫಿಪುಡಿ ಅಂಗಡಿಗೆ ಘಟ್ಟದ ಮೇಲಿನ ಜಯಪಾಲಣ್ಣನ ತೋಟದ ಬೀಜವೇ ಆಗಬೇಕು ಎಂದು ಹಟ ಹಿಡಿದವಳು ನೀನು. ಕಾಲೇಜಿನಲ್ಲಿ ಹಕ್ಕಿ ನೋಡುವವರ ಜೊತೆ ತಿರುಗಾಡಿ ಬಂದು, ಮರ ಕಡಿದು ಬಿಸಿಲಿನಲ್ಲಿ ಬೆಳೆಸಿದ ಕಾಫಿಯಲ್ಲಿ ಹಕ್ಕಿಗೆ ಕೂರಲು ಒಂದು ಕೊಂಬೆಯೂ ಇರುವುದಿಲ್ಲ, ಮರದ ನೆರಳಿನ ಕಾಫಿಯನ್ನೇ ಮಾರೋಣ ಎಂದೆ. ಹಕ್ಕಿ ಬಂದು ಪುಡಿ ಕೊಳ್ಳುತ್ತದಾ ಎಂದು ನಾನು ನಕ್ಕಿದ್ದೆ. ಆಗ ನೀನು ನನ್ನನ್ನು ಆ ತೋಟಕ್ಕೆ ಎಳೆದುಕೊಂಡು ಹೋಗಿ ದೊಡ್ಡ ಹೆಬ್ಬಲಸಿನ ಮರದಡಿ ನಿಲ್ಲಿಸಿದೆ. ಮೇಲೆ ಒಂದು ಪೊಟರೆ, ಅದರ ಬಾಯಿಗೆ ಮೆತ್ತಿದ ಗೋಡೆ, ಗೋಡೆಯಲ್ಲೊಂದು ಸೀಳು. ಹೆಣ್ಣು ಮಂಗಟ್ಟೆ ಹಕ್ಕಿ ಮೊಟ್ಟೆಯಿಡಲು ಒಳಗೆ ಹೋಗಿ ತಾನೇ ಬಾಗಿಲು ಮುಚ್ಚಿಕೊಳ್ಳುತ್ತದೆ, ರೆಕ್ಕೆಯ ಗರಿ ಉದುರಿಸಿಕೊಂಡು ಕೂರುತ್ತದೆ, ಅಷ್ಟು ದಿನವೂ ಗಂಡು ಹಣ್ಣು ತಂದು ಸೀಳಿನಲ್ಲಿ ಕೊಡುತ್ತದೆ ಎಂದು ಪಿಸುಗುಟ್ಟಿದೆ. "ನಮ್ಮ ಗಲ್ಫಿನ ಗಂಡಸರ ಹಾಗೆ ಬಾಪಾ, ತಂದು ಕೊಟ್ಟು ಹೋಗುವುದೇ ಕೆಲಸ" ಎಂದು ನಗಾಡಿದ್ದು ನೆನಪುಂಟಾ? ಆ ಗಂಡು ಕತ್ತು ಚಾಚಿ ಹಣ್ಣು ಕೊಟ್ಟದ್ದನ್ನು ಕಂಡ ದಿನದಿಂದ ನಾನು ಬೇರೆ ತೋಟದ ಬೀಜ ಮುಟ್ಟಿಲ್ಲ. ಅಗ್ಗದ ಪುಡಿ ಬೇಕಾದವರು ಬೇರೆ ಅಂಗಡಿ ಹಿಡಿದರು. ಬಂದರಿನಲ್ಲಿ ನನಗೆ ಹಕ್ಕಿ ಬ್ಯಾರಿ ಎಂದು ಹೆಸರಾಯಿತು. ಆಗಲಿ, ಕೆಟ್ಟ ಹೆಸರೇನೂ ಅಲ್ಲವಲ್ಲ.

ಬಜಪೆಯಲ್ಲಿ ನಿನ್ನ ಮನೆಯ ಗೋಡೆ ಏಳುತ್ತಿದೆ ಎಂದು ಜಯಪಾಲಣ್ಣನಿಗೆ ಹೇಳಿದಾಗ ಆ ಮನುಷ್ಯ ಕುಣಿದಾಡಿಬಿಟ್ಟ. "ಎದುರು ಬಾಗಿಲು ನನ್ನ ಲೆಕ್ಕ ಸಾಹೇಬ್ರೇ. ನೀವು ಎಂತದೂ ಮಾತಾಡ್ಬೇಡಿ ಮಾರಾಯ್ರೆ" ಎಂದ. ಶೆಡ್ಡಿನಲ್ಲಿ ಒಣಗಿದ ಹಲಗೆ ಇರಬೇಕು ಎಂದುಕೊಂಡೆ. ಸೋಮವಾರ ಮರ ಹೊತ್ತ ಲಾರಿ ಬಂತು. ನಂತೂರಿನ ಜಾಮಿನಲ್ಲಿ ಅದು ಸಿಕ್ಕಿಕೊಂಡಾಗ ನಾನೇ ಹೋಗಿ ಡ್ರೈವರನ ಪಕ್ಕ ಹತ್ತಿ ಕುಳಿತೆ, ಮದುಮಗನ ಕಡೆಯವನ ಗತ್ತಿನಲ್ಲಿ. ಡ್ರೈವರನೇ ಹೇಳಿದ. ಮರ ಉರುಳಿಸುವಾಗ ಜಯಪಾಲಣ್ಣ ಹತ್ತಿರವೇ ನಿಂತು, "ಸುಮಯ್ಯಾ ಅಪ್ಪಿಕೊಂಡು ನಿಲ್ತಿದ್ದ ಮರ ಇದು, ಇನ್ನು ಅವಳ ಮನೆ ಬಾಗಿಲಲ್ಲೇ ನಿಲ್ಲಲಿ" ಎಂದನಂತೆ. ಇದು ಆ ಹೆಬ್ಬಲಸೇ ಎಂದು ನನಗೆ ಆಗ ಗೊತ್ತಾಯಿತು. ಮಿಲ್ಲಿನಲ್ಲಿ ದಿಮ್ಮಿ ಇಳಿಸಿದರು. ಒಂದರಲ್ಲಿ ಆ ಪೊಟರೆ ಇತ್ತು, ಮೆತ್ತಿದ ಗೋಡೆ ಬಿರುಕು ಬಿಟ್ಟಿತ್ತು, ಒಡೆದಿರಲಿಲ್ಲ. ಮಿಲ್ಲಿನವರು ಹಾರೆಯಿಂದ ಎಬ್ಬಿಸಿದರು. ಒಳಗೆ ಅವಳು ಇದ್ದಳು, ಮೋಳೇ. ಸುತ್ತ ಉದುರಿದ ಗರಿ, ಹೊಟ್ಟೆಯ ಅಡಿಯಲ್ಲಿ ಮರಿ. ಮರ ಬೀಳುವಾಗ ಹಾರೋಣವೆಂದರೆ ರೆಕ್ಕೆಯಲ್ಲಿ ಗರಿ ಇರಲಿಲ್ಲ. ನಾನು ಮರದ ಹುಡಿಯ ಮೇಲೆ ಕುಳಿತು ಅತ್ತೆ. ಅಜ್ಜನಿಗೆ ಬಿಸಿಲಿಗೆ ತಲೆ ಸುತ್ತಿತು ಎಂದು ಅವರು ನೀರು ತಂದು ಕೊಟ್ಟರು. ತಾಯಿ, ಮರಿ ಎರಡನ್ನೂ ಹೆಗಲ ಟವೆಲಿನಲ್ಲಿ ಸುತ್ತಿ ತಂದು ನಿನ್ನ ಮನೆಯ ಹಿಂದೆ, ಬಾವಿಕಟ್ಟೆಯ ಪಕ್ಕ ಮಣ್ಣು ಮಾಡಿದ್ದೇನೆ.

ಬೈಯಲು ಒಬ್ಬ ಕೆಟ್ಟವನು ಸಿಕ್ಕಿದ್ದರೆ ಎಷ್ಟೋ ಸಮಾಧಾನವಿತ್ತು. ಸುತ್ತಲಿನ ತೋಟದವರು ದುಡ್ಡಿಗಾಗಿ ಮರ ಕಡಿಸಿದಾಗ ಇವನೊಬ್ಬ ಕಡಿಸಲಿಲ್ಲ. ಕಡೆಗೆ ಪ್ರೀತಿಗಾಗಿ ಕಡಿಸಿದ. ನಿನಗೆ ಎಲ್ಲಕ್ಕಿಂತ ಇಷ್ಟವಾದದ್ದನ್ನೇ ಹುಡುಕಿ ಕೊಟ್ಟವನಿಗೆ ನಾನು ಎಂತ ಹೇಳಲಿ? ಮೇಲಿನ ಪೊಟರೆ ಕಾಣುವಷ್ಟು ಅವನ ಕಣ್ಣು ಈಗ ಚುರುಕಿಲ್ಲ, ಮರ ಕೊಯ್ದವರು ನೋಡಲಿಲ್ಲ. ಗೊತ್ತಾದರೆ ಅವನು ಆ ತೋಟಕ್ಕೆ ಮತ್ತೆ ಕಾಲಿಡುವುದಿಲ್ಲ. ಅವನು ಕೈಬಿಟ್ಟರೆ ಉಳಿದ ಮರಗಳನ್ನು ಕಾಯುವವರು ಯಾರು? ಫೋನಿನಲ್ಲಿ "ಬಾಗಿಲು ಚಂದ ಆಗ್ತದಲ್ಲ?" ಎಂದು ಕೇಳಿದ. ಆಗುತ್ತದೆ ಎಂದೆ. ಬಡಗಿ ಕೆಲಸ ಶುರು ಮಾಡಲಾ ಎಂದು ಕೇಳುತ್ತಿದ್ದಾನೆ. ಆ ಬಾಗಿಲು ಇಡಿಸಬೇಕೋ ಬೇಡವೋ, ನೀನೇ ಹೇಳು. ನನಗೆ ಅದನ್ನು ದಾಟಿ ಒಳಗೆ ಬರುವ ಧೈರ್ಯವಿಲ್ಲ, ವಾಪಸ್ಸು ಕಳಿಸುವ ಧೈರ್ಯವೂ ಇಲ್ಲ.

ಉಮ್ಮ ಸಲಾಂ ಹೇಳಿದ್ದಾಳೆ, ಒಣಮೀನು ಬೇರೆಯೇ ಕಟ್ಟಿದ್ದಾಳೆ, ಕಾಫಿಗೆ ವಾಸನೆ ತಾಗದ ಹಾಗೆ ಇಡು. ಅಲ್ಲಾಹು ನಿನ್ನ ಮನೆಯನ್ನೂ ನಿನ್ನನ್ನೂ ಕಾಯಲಿ.

ನಿನ್ನ ಬಾಪ,
ಕಮರುದ್ದೀನ್

ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಕಿಟಕಿಗಳಿಗೆಂದು ಪಕ್ಕದ ಹೆಬ್ಬಲಸನ್ನೂ ಜಯಪಾಲಣ್ಣ ಕಡಿಸುತ್ತಾನಂತೆ, ಬರುವ ಸೋಮವಾರ ಗರಗಸದವರು ಬರುತ್ತಾರೆ. ಬೇಡ ಎಂದೆ. ನನ್ನದು ಸಂಕೋಚ ಎಂದು ನಕ್ಕ. ನಿನ್ನ ಮಾತಾದರೆ ಕೇಳುತ್ತಾನೆ. ಕಾಗದ ಕೈಗೆ ಬಂದ ಕೂಡಲೇ ಅವನಿಗೆ ಫೋನ್ ಮಾಡಿ, ನನಗೆ ಅಲ್ಯೂಮಿನಿಯಂ ಕಿಟಕಿಯೇ ಬೇಕು ಎಂದು ಹಟ ಮಾಡು. ಗಲ್ಫಿಗೆ ಹೋಗಿ ಹುಡುಗಿ ಕೆಟ್ಟಳು ಎಂದುಕೊಂಡರೆ ಎಂದುಕೊಳ್ಳಲಿ. ಇನ್ನೊಂದು. ತೋಟದ ಆಳುಗಳು ಅವನಿಗೆ ಹೇಳಿದ್ದು, ದಿನಾ ಬೆಳಿಗ್ಗೆ ಒಂದು ಮಂಗಟ್ಟೆ ಬಾಯಲ್ಲಿ ಹಣ್ಣು ಹಿಡಿದುಕೊಂಡು ಬರುತ್ತದಂತೆ, ಮರವಿದ್ದ ಜಾಗಕ್ಕೆ ಸುತ್ತು ಹಾಕಿ ಆ ಪಕ್ಕದ ಮರದಲ್ಲಿ ಕೂರುತ್ತದಂತೆ, ಹಣ್ಣು ನುಂಗುವುದೂ ಇಲ್ಲವಂತೆ. "ಅದು ಎಂತಕ್ಕೆ ಹಾಗೆ ಮಾಡ್ತದೆ, ಸುಮಯ್ಯಾನ ಹತ್ರ ಕೇಳಿ ಹೇಳಿ" ಎಂದಿದ್ದಾನೆ. ಅವನು ಕೇಳಿದರೆ, ಗೊತ್ತಿಲ್ಲ ಎಂದುಬಿಡು ಮೋಳೇ.